ಚೆಸ್ ಕಲಿಸುವುದು ಹೇಗೆ? ರಾಜನಿಂದ ಶುರು ಮಾಡಿ

2024ರ ಡಿಸೆಂಬರ್‌ನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಮಕ್ಕಳಿಗೆ ಚೆಸ್ ಕಲಿಸುವ ಹುಮ್ಮಸ್ಸು ಜೋರಾಗಿದೆ. ಒಳ್ಳೆಯದೇ. ಆದರೆ ಕಲಿಸುವ ಕ್ರಮ ನೋಡಿದರೆ ಬೇಸರವಾಗುತ್ತದೆ. ಆನೆ ನೇರ, ಒಂಟೆ ಓರೆ, ಕುದುರೆ ಎರಡೂವರೆ ಮನೆ ಎಂದು ಕಾಲು ಗಂಟೆಯಲ್ಲಿ ಹೇಳಿ ಮುಗಿಸಿ, "ಸರಿ, ಇನ್ನು ಆಡ್ಕೊಳ್ಳಿ" ಅಂದು ಎದ್ದುಬಿಡುತ್ತಾರೆ. ಆಮೇಲೆ ಶುರುವಾಗುತ್ತದೆ ನೋಡಿ. ಒಬ್ಬ ಎದುರಾಳಿಯ ರಾಜನನ್ನೇ ಹೊಡೆದು ಡಬ್ಬಿಗೆ ಹಾಕಿ ಗೆದ್ದೆ ಅನ್ನುತ್ತಾನೆ. ಇನ್ನೊಬ್ಬಳು ಚೆಕ್ ಇದ್ದಾಗಲೇ, ಅಂದರೆ ತನ್ನ ರಾಜನ ಮೇಲೆ ದಾಳಿ ಇದ್ದಾಗಲೇ, ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ) ಮಾಡುತ್ತಾಳೆ. ದೊಡ್ಡವರನ್ನು ಕೇಳಿದರೆ ಅಜ್ಜನದೊಂದು ಕಾನೂನು, ಮಾವನದು ಇನ್ನೊಂದು.

ಈ ಜಗಳಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಹೆಚ್ಚಿನವು ರಾಜನ ಸುತ್ತಲೇ ಇರುತ್ತವೆ. ಕಾಯಿಗಳ ನಡೆ ಕಾಲು ಗಂಟೆಯ ಕೆಲಸ, ನಿಜ. ರಾಜನ ಕಾನೂನಿಗೆ ಮಾತ್ರ ಒಂದು ಇಡೀ ಸಂಜೆ ಕೊಡಿ.

ಬೋರ್ಡ್ ಇಡುವುದು

ಇಬ್ಬರಿಗೂ ತಮ್ಮ ಬಲಗೈ ಕಡೆಯ ಮೂಲೆಯಲ್ಲಿ ಬಿಳಿ ಮನೆ ಬರಬೇಕು. ಬಿಳಿ ಮಂತ್ರಿ ಬಿಳಿ ಮನೆಯಲ್ಲಿ, ಕಪ್ಪು ಮಂತ್ರಿ ಕಪ್ಪು ಮನೆಯಲ್ಲಿ. (ರಾಣಿ, ಕ್ವೀನ್ ಅನ್ನುವವರೂ ಇದ್ದಾರೆ, ಕಾಯಿ ಒಂದೇ.) ಬೋರ್ಡ್ ಅಡ್ಡ ಇಟ್ಟರೆ ರಾಜ ಮಂತ್ರಿ ಅದಲು ಬದಲಾಗುತ್ತಾರೆ, ಅಲ್ಲಿಂದ ಮುಂದೆ ಪುಸ್ತಕ ನೋಡಿ ಕಲಿತದ್ದೆಲ್ಲ ತಲೆಕೆಳಗು.

ಸೆಟ್ ಬಗ್ಗೆ ಖಡಾಖಂಡಿತ ಮಾತು: ಗಾಜಿನ ಸೆಟ್ ಬೇಡ, ಅಂಗೈಯಗಲದ ಅಯಸ್ಕಾಂತದ ಸೆಟ್ ಬೇಡ, ಕಾರ್ಟೂನ್ ಗೊಂಬೆಗಳ ಸೆಟ್ಟಂತೂ ಬೇಡವೇ ಬೇಡ. ಗಾಜಿನದರಲ್ಲಿ ಯಾವುದು ಒಂಟೆ ಯಾವುದು ಕಾಲಾಳು ಎಂದು ದೊಡ್ಡವರಿಗೇ ತಿಳಿಯುವುದಿಲ್ಲ. ಸುರುಳಿ ಸುತ್ತುವ ಬೋರ್ಡ್, ಟೂರ್ನಿಗಳಲ್ಲಿ ಬಳಸುವ ಸ್ಟಾಂಟನ್ ಮಾದರಿಯ ಪ್ಲಾಸ್ಟಿಕ್ ಕಾಯಿ ಸಾಕು. ರಾಜ ಸುಮಾರು 9.5 ಸೆಂಟಿಮೀಟರ್ ಎತ್ತರ, ಮನೆ 5ರಿಂದ 6.5 ಸೆಂಟಿಮೀಟರ್ ಅಗಲ ಇದ್ದರೆ ಅದು ಟೂರ್ನಿಯ ಅಳತೆ. ಎರಡೆರಡು ಮಂತ್ರಿ ಕೊಡುವ ಸೆಟ್ ಸಿಕ್ಕರೆ ಅದನ್ನೇ ತನ್ನಿ, ಯಾಕೆಂದು ಮುಂದೆ ಹೇಳುತ್ತೇನೆ. ಅಂಚಿನಲ್ಲಿ ಎ, ಬಿ, ಸಿ ಮತ್ತು 1, 2, 3 ಅಚ್ಚಾಗಿರಲಿ, ಅಕ್ಷರ ಅಂಕಿ ಎರಡೂ ಸೇರಿದರೆ ಮನೆಯ ಹೆಸರು. "ಕುದುರೆ ಎಫ್3" ಎಂದು ಮಗು ಮೊದಲ ದಿನದಿಂದಲೇ ಬಾಯಲ್ಲಿ ಹೇಳಲಿ.

ಕಾಯಿಗಳ ನಡೆ

ಆನೆ ನೇರ, ಒಂಟೆ ಓರೆ, ಮಂತ್ರಿ ಎರಡೂ ಬಗೆ, ರಾಜ ಎತ್ತಲಾದರೂ ಒಂದೇ ಮನೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ, ನಡುವಿನ ಕಾಯಿಗಳನ್ನು ಹಾರಿಕೊಂಡು. ಖಾಲಿ ಬೋರ್ಡ್‌ನಲ್ಲಿ ಒಂದೇ ಕುದುರೆ ಕೊಟ್ಟು ಎ1ರಿಂದ ಎಚ್8ಕ್ಕೆ ಹೋಗಲು ಹೇಳಿ. ಆರು ನೆಗೆತಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ. ಮಗು ಆ ಆರನ್ನು ತಾನೇ ಹುಡುಕಿಕೊಳ್ಳಲಿ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ 64 ಮನೆಗಳನ್ನೂ ಕುದುರೆ ಒಂದೊಂದೇ ಸಲ ಮೆಟ್ಟಿ ಬರುವ ದಾರಿಗಳನ್ನು ರಚಿಸಿದವರು, ಅದೇ ಆಟದ ಮೊದಲ ಮೆಟ್ಟಿಲು ಇದು.

ಕಾಲಾಳು ಮುಂದಕ್ಕೆ ಒಂದು ಮನೆ ನಡೆಯುತ್ತದೆ, ಹೊಡೆಯುವುದು ಮಾತ್ರ ಓರೆಯಾಗಿ ಮುಂದಿನ ಮನೆಯಲ್ಲಿ. ಹಿಂದಕ್ಕೆ ಬರುವ ಮಾತೇ ಇಲ್ಲ. ಪ್ರತಿ ಕಾಲಾಳೂ ತಾನು ನಿಂತ ಮೂಲ ಜಾಗದಿಂದ ಹೊರಡುವಾಗ ಬೇಕಿದ್ದರೆ ಎರಡು ಮನೆ ಹೋಗಬಹುದು. ಆಟದ ಮೊದಲ ನಡೆಗೆ ಮಾತ್ರ ಅಲ್ಲ, ಮೂವತ್ತನೇ ನಡೆಯಲ್ಲಿ ಹೊರಟರೂ ಸರಿ. "ಮೊದಲ ನಡೆಗೆ ಎರಡು ಕಾಲಾಳು ಒಂದೊಂದು ಮನೆ" ಎಂದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆಡುತ್ತಾರೆ. ಅದು ಮನೆಯ ಪದ್ಧತಿ, ಅಂತರರಾಷ್ಟ್ರೀಯ ನಿಯಮದಲ್ಲಿ ಇಲ್ಲ. ಭಾರತದ ಹಳೆಯ ಆಟದಲ್ಲಿ ಕಾಲಾಳು ಒಂದೊಂದೇ ಮನೆ ನಡೆಯುತ್ತಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಆ ಆಟದಲ್ಲೇ ಪಳಗಿ, ಆಮೇಲೆ ಹೊಸ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹಳೆಯ ಪದ್ಧತಿ ಕೀಳು ಅಂತ ಅಲ್ಲ. ಆದರೆ ಎರಡನ್ನೂ ಬೆರೆಸಬೇಡಿ, ಯಾವುದು ಎಂದು ಕೂರುವ ಮೊದಲೇ ಮಾತಾಡಿಕೊಳ್ಳಿ.

ಈಗ ಉಳಿದ ಕಾಯಿಗಳನ್ನೆಲ್ಲ ಡಬ್ಬಿಯಲ್ಲೇ ಬಿಟ್ಟು, ಬರೀ ಎಂಟೆಂಟು ಕಾಲಾಳು ಇಟ್ಟು ಆಡಿಸಿ. ಯಾರ ಕಾಲಾಳು ಮೊದಲು ಕೊನೆಯ ಸಾಲು ಮುಟ್ಟುತ್ತದೋ ಅವರು ಗೆದ್ದರು. ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ರಾಜನ ಕಾನೂನು: ಇಲ್ಲಿ ನಿಲ್ಲಿ

ಒಂದೇ ವಾಕ್ಯ. ನಿಮ್ಮ ನಡೆ ಮುಗಿದಾಗ ನಿಮ್ಮ ರಾಜ ಎದುರಾಳಿಯ ಹೊಡೆತಕ್ಕೆ ಸಿಗುವ ಜಾಗದಲ್ಲಿ ಇರಕೂಡದು. ಮಗುವಿನ ಬಾಯಲ್ಲೇ ಇದನ್ನು ಹೇಳಿಸಿ. ಚೆಕ್, ಮೇಟ್, ಸ್ಟೇಲ್‌ಮೇಟ್ ಎಲ್ಲವೂ ಇದರಿಂದಲೇ ಬರುತ್ತವೆ.

ಚೆಕ್ ಬಂದರೆ ದಾರಿ ಮೂರು: ಚೆಕ್ ಕೊಟ್ಟ ಕಾಯಿಯನ್ನು ಹೊಡೆಯುವುದು, ನಡುವೆ ಒಂದು ಕಾಯಿ ಅಡ್ಡ ಇಡುವುದು, ರಾಜನನ್ನು ಸರಿಸುವುದು. ಕುದುರೆಯ ಚೆಕ್‌ಗೆ ಅಡ್ಡ ಇಡಲು ಬರುವುದಿಲ್ಲ. ಮೂರೂ ಆಗದಿದ್ದರೆ ಮೇಟ್, ಆಟ ಅಲ್ಲಿಗೆ ಮುಗಿಯಿತು. ರಾಜನನ್ನು ಯಾರೂ ಹೊಡೆಯುವುದಿಲ್ಲ, ಬೋರ್ಡ್‌ನಿಂದ ಎತ್ತುವುದೂ ಇಲ್ಲ. ಚೆಕ್ ಗಮನಿಸದೆ ಬೇರೆ ಕಾಯಿ ನಡೆಸಿದರೆ "ನಿನ್ನ ರಾಜ ಸತ್ತ" ಅನ್ನಬಾರದು. ಆ ನಡೆಯೇ ಅಕ್ರಮ, ಹಿಂದಕ್ಕೆ ತೆಗೆದುಕೊಂಡು ಚೆಕ್‌ನಿಂದ ಬಿಡಿಸಿಕೊಳ್ಳುವ ನಡೆ ಆಡಬೇಕು. ದೊಡ್ಡ ಟೂರ್ನಿಯಲ್ಲಾದರೆ ಮೊದಲ ಅಕ್ರಮ ನಡೆಗೆ ಎದುರಾಳಿಗೆ ಎರಡು ನಿಮಿಷ ಜಾಸ್ತಿ ಕೊಡುತ್ತಾರೆ, ಎರಡನೆಯದಕ್ಕೆ ಸೋಲು. ಇನ್ನೊಂದು ಮಾತು, ಬಾಯಲ್ಲಿ "ಚೆಕ್" ಎಂದು ಹೇಳಲೇಬೇಕು ಎಂಬ ನಿಯಮವೂ ಇಲ್ಲ. ಹೇಳಲಿಲ್ಲ ಎಂದು ಜಗಳ ಬೇಡ.

ಎಲ್ಲರೂ ಎಡವುವ ಜಾಗ ಒಂದಿದೆ. ಬಿಳಿ ರಾಜ ಇ1ರಲ್ಲಿ, ಬಿಳಿ ಕುದುರೆ ಇ4ರಲ್ಲಿ, ಕಪ್ಪು ಆನೆ ಇ8ರಲ್ಲಿ. ನಡುವೆ ಬೇರೇನೂ ಇಲ್ಲ. ಕುದುರೆ ಅಲ್ಲಾಡುವಂತಿಲ್ಲ, ಎದ್ದರೆ ರಾಜ ಆನೆಗೆ ಬಯಲಾಗುತ್ತಾನೆ. ಹಾಗಿದ್ದರೆ ಆ ಕುದುರೆ ಕಾಯುತ್ತಿರುವ ಎಫ್6ಕ್ಕೆ ಕಪ್ಪು ರಾಜ ಹೋಗಬಹುದಾ? "ಹೋಗಬಹುದು, ಕುದುರೆ ಕಟ್ಟಿಹೋಗಿದೆಯಲ್ಲ" ಎಂದು ವರ್ಷಗಟ್ಟಲೆ ಆಡಿದವರೂ ವಾದಿಸುತ್ತಾರೆ. ಹೋಗುವಂತಿಲ್ಲ. ಕಟ್ಟಿಹೋದ ಕಾಯಿಯೂ ತನ್ನ ಮನೆಗಳನ್ನು ಕಾಯುತ್ತಲೇ ಇರುತ್ತದೆ. ಕಾರಣ ಸರಳ: ಕಪ್ಪು ರಾಜ ಆ ಮನೆಗೆ ಕಾಲಿಟ್ಟರೆ ಮೊದಲು ಹೊಡೆತಕ್ಕೆ ಸಿಗುವುದು ಅವನೇ. ಬಿಳಿ ರಾಜನ ಸರದಿ ಬರುವುದು ಆಮೇಲೆ.

ಮೇಟ್ ಮತ್ತು ಸ್ಟೇಲ್‌ಮೇಟ್‌ಗೆ ಇರುವ ಅಂತರ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಬೋರ್ಡ್ ಮೇಲೆ ಇಟ್ಟೇ ತೋರಿಸಿ. ಕಪ್ಪು ರಾಜ ಎಚ್8, ಬಿಳಿ ರಾಜ ಎಫ್7, ಬಿಳಿ ಮಂತ್ರಿ ಜಿ3. ಕಪ್ಪಿನ ಹತ್ತಿರ ಬೇರೆ ಕಾಯಿ ಇಲ್ಲ. ನಡೆ ಬಿಳಿಯದು. ಮಂತ್ರಿ ಜಿ7ಕ್ಕೆ ಹೋದರೆ ಚೆಕ್, ತಪ್ಪಿಸಿಕೊಳ್ಳಲು ಜಾಗವಿಲ್ಲ, ಮಂತ್ರಿಯನ್ನು ಹೊಡೆಯೋಣವೆಂದರೆ ಬಿಳಿ ರಾಜ ಪಕ್ಕದಲ್ಲೇ ಕಾಯುತ್ತಿದ್ದಾನೆ. ಮೇಟ್. ಅದೇ ಮಂತ್ರಿ ಒಂದು ಮನೆ ಹಿಂದೆ, ಜಿ6ರಲ್ಲಿ ನಿಂತರೆ? ಈಗ ಚೆಕ್ ಇಲ್ಲ. ಆದರೆ ಕಪ್ಪು ರಾಜನಿಗೆ ಜಿ8, ಜಿ7, ಎಚ್7 ಮೂರೂ ಮುಚ್ಚಿವೆ. ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ. ಇದೇ ಸ್ಟೇಲ್‌ಮೇಟ್, ಆಟ ಡ್ರಾ. ಒಂದು ಮಂತ್ರಿಯಷ್ಟು ಮುಂದಿದ್ದವರಿಗೆ ಅರ್ಧ ಪಾಯಿಂಟ್ ಮಾತ್ರ.

"ಅನ್ಯಾಯ, ಗೆದ್ದದ್ದು ನಾನೇ" ಎಂದು ಮಗು ಅಳುತ್ತದೆ. ಅಳಲಿ, ನಿಯಮ ಬದಲಿಸಬೇಡಿ. ಈ ಸ್ಥಾನವನ್ನು ಎರಡೂ ಬಗೆಯಲ್ಲಿ ಹತ್ತಾರು ಸಲ ಇಡಿಸಿ. ಮಂತ್ರಿಯನ್ನು ಇಡುವ ಮೊದಲು "ಅವನಿಗೆ ನಡೆ ಉಳೀತಾ?" ಎಂದು ಕೇಳಿಕೊಳ್ಳುವ ಅಭ್ಯಾಸ ಇಲ್ಲಿಂದಲೇ ಬರುತ್ತದೆ.

ಕ್ಯಾಸಲಿಂಗ್

ರಾಜ ಆನೆಯ ಕಡೆಗೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಆಚೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಇಷ್ಟೇ ನಡೆ. ಶರತ್ತುಗಳಲ್ಲೇ ಗೊಂದಲ. ರಾಜನಾಗಲಿ ಆ ಆನೆಯಾಗಲಿ ಅದುವರೆಗೆ ಒಮ್ಮೆಯೂ ನಡೆದಿರಬಾರದು, ನಡೆದು ವಾಪಸ್ ಬಂದಿದ್ದರೂ ಆಗುವುದಿಲ್ಲ. ನಡುವೆ ಯಾವ ಕಾಯಿಯೂ ಇರಬಾರದು. ರಾಜ ಈಗ ಚೆಕ್‌ನಲ್ಲಿ ಇರಬಾರದು, ಅವನು ದಾಟುವ ಮನೆಯ ಮೇಲೂ ನಿಲ್ಲುವ ಮನೆಯ ಮೇಲೂ ಎದುರಾಳಿಯ ಕಣ್ಣಿರಬಾರದು.

ಗಮನಿಸಿ, ಇದೆಲ್ಲ ರಾಜನ ಮಾತು. ಆನೆಯ ಮೇಲೆ ದಾಳಿ ಇದ್ದರೆ ಅಡ್ಡಿಯಿಲ್ಲ. ಮಂತ್ರಿಯ ಕಡೆಗೆ ಕ್ಯಾಸಲಿಂಗ್ ಮಾಡುವಾಗ ಆನೆ ಮಾತ್ರ ಹಾದುಹೋಗುವ ಬಿ1ರ ಮೇಲೆ ದಾಳಿ ಇದ್ದರೂ ಅಡ್ಡಿಯಿಲ್ಲ. 1974ರಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಎದುರು ಆಡುತ್ತಿದ್ದ ವಿಕ್ಟರ್ ಕೊರ್ಚ್ನೋಯ್ ಅಂಥ ದಿಗ್ಗಜ, ಆನೆಯ ಮೇಲೆ ದಾಳಿ ಇರುವಾಗ ಕ್ಯಾಸಲಿಂಗ್ ಮಾಡಬಹುದೇ ಎಂದು ಆರ್ಬಿಟರ್‌ (ತೀರ್ಪುಗಾರ) ಬಳಿ ಕೇಳಿ ಖಾತ್ರಿ ಮಾಡಿಕೊಂಡೇ ಆಡಿದರು, ಆ ಆಟ ಗೆದ್ದರು ಕೂಡ. ಹಾಗಾಗಿ ಮಕ್ಕಳು ಕೇಳಿದರೆ ರೇಗಬೇಡಿ.

"ಒಂದು ಸಲ ಚೆಕ್ ಬಿದ್ದರೆ ಮುಗೀತು, ಮತ್ತೆ ಕ್ಯಾಸಲಿಂಗ್ ಇಲ್ಲ" ಎಂಬುದೂ ಸುಳ್ಳು. ಚೆಕ್‌ಗೆ ಅಡ್ಡ ಕಾಯಿ ಇಟ್ಟು ತಪ್ಪಿಸಿಕೊಂಡು, ರಾಜ ಕದಲದೆ ಇದ್ದರೆ, ಆಮೇಲೆ ಧಾರಾಳವಾಗಿ ಮಾಡಬಹುದು. ಒಂದೇ ಕೈಯಲ್ಲಿ, ಮೊದಲು ರಾಜ, ಆಮೇಲೆ ಆನೆ. ಆನೆಯನ್ನು ಮೊದಲು ಮುಟ್ಟಿದರೆ ಟೂರ್ನಿಯಲ್ಲಿ ಆನೆಯನ್ನೇ ನಡೆಸು ಅನ್ನುತ್ತಾರೆ.

ಆನ್ ಪಾಸಾಂ

ಇದು ಕಾಲಾಳಿನ ಒಂದು ವಿಶೇಷ ಹೊಡೆತ, ಮೊದಲ ವಾರ ಹೇಳಬೇಡಿ. ಆದರೆ ಹೇಳದೇ ಬಿಡಬೇಡಿ. ಆನ್‌ಲೈನ್ ಆಟದಲ್ಲಿ ತನ್ನ ಕಾಲಾಳು ಇದ್ದಕ್ಕಿದ್ದಂತೆ ಮಾಯವಾದಾಗ ಆ್ಯಪ್ ಮೋಸ ಮಾಡಿತು ಎಂದುಕೊಳ್ಳುವ ಮಕ್ಕಳನ್ನು ಬಹಳ ನೋಡಿದ್ದೇನೆ.

ಬಿಳಿ ಕಾಲಾಳು ಇ5ರಲ್ಲಿದೆ. ಕಪ್ಪು ಕಾಲಾಳು ಡಿ7ರಿಂದ ಒಂದೇ ಮನೆ ನಡೆದು ಡಿ6ಕ್ಕೆ ಬಂದಿದ್ದರೆ ಹೊಡೆತಕ್ಕೆ ಸಿಗುತ್ತಿತ್ತು. ಅದು ಎರಡು ಮನೆ ದಾಟಿ ಡಿ5ಕ್ಕೆ ಬಂದು ಪಕ್ಕದಲ್ಲಿ ನಿಂತಿತು. ಆಗ ಬಿಳಿ, ಅದು ಒಂದೇ ಮನೆ ನಡೆದಿತ್ತು ಎಂಬಂತೆ ಡಿ6ಕ್ಕೆ ಹೋಗಿ ಡಿ5ರ ಕಾಲಾಳನ್ನು ಎತ್ತಬಹುದು. ಮರು ನಡೆಯಲ್ಲೇ ಮಾಡಬೇಕು, ಒಂದು ನಡೆ ಬಿಟ್ಟರೆ ಆ ಅವಕಾಶ ಹೋಯಿತು. ಕಾಲಾಳು ಕಾಲಾಳನ್ನು ಮಾತ್ರ ಹೀಗೆ ಹೊಡೆಯಬಹುದು.

ಕೊನೆಯ ಸಾಲು ಮುಟ್ಟಿದಾಗ

ಕಾಲಾಳು ಮಂತ್ರಿ, ಆನೆ, ಒಂಟೆ, ಕುದುರೆ ಇವುಗಳಲ್ಲಿ ಯಾವುದಾದರೂ ಆಗಬಹುದು. "ಸತ್ತ ಕಾಯಿ ಮಾತ್ರ ವಾಪಸ್ ಬರುತ್ತೆ" ಅನ್ನುವುದು ನಮ್ಮ ಮನೆಗಳ ಕಟ್ಟಳೆ. ನಿಯಮದ ಪ್ರಕಾರ ಮಂತ್ರಿ ಜೀವಂತ ಇರುವಾಗಲೇ ಇನ್ನೊಂದು ಮಂತ್ರಿ ಬರಬಹುದು. ಇದಕ್ಕೇ ಎರಡು ಮಂತ್ರಿಯ ಸೆಟ್ ತನ್ನಿ ಅಂದಿದ್ದು. ಇಲ್ಲದಿದ್ದರೆ ಆನೆಯನ್ನು ತಲೆಕೆಳಗೆ ಇಟ್ಟು "ಇದು ಮಂತ್ರಿ" ಅನ್ನುತ್ತಾರೆ. ಮನೆಯಲ್ಲಿ ನಡೆಯುತ್ತದೆ, ಟೂರ್ನಿಯಲ್ಲಿ ಅದು ಆನೆಯೇ. 2017ರ ಕೆನಡಾ ಚಾಂಪಿಯನ್‌ಶಿಪ್‌ನ ಪ್ಲೇಆಫ್‌ನಲ್ಲಿ ಸಮಯದ ಗಡಿಬಿಡಿಯಲ್ಲಿ ಮಂತ್ರಿ ಕೈಗೆ ಸಿಗದೆ ನಿಕೊಲಾಯ್ ನೊರಿತ್ಸಿನ್ ಹೀಗೇ ಆನೆ ಮಗುಚಿಟ್ಟರು. ಆರ್ಬಿಟರ್ ಅದನ್ನು ಆನೆ ಎಂದೇ ಪರಿಗಣಿಸಿದರು. ಪ್ರಶಸ್ತಿ ಎದುರಾಳಿಯ ಪಾಲಾಯಿತು.

ಸ್ಟೇಲ್‌ಮೇಟ್ ಬಿಟ್ಟು ಡ್ರಾ ಆಗುವ ಬೇರೆ ದಾರಿಗಳು ಸುಲಭ: ಇಬ್ಬರೂ ಒಪ್ಪಿದರೆ, ಅದೇ ಸ್ಥಾನ ಮೂರು ಸಲ ಬಂದು ಒಬ್ಬರು ಕೇಳಿದರೆ, ಮೇಟ್ ಮಾಡಲು ಆಗದಷ್ಟು ಕಡಿಮೆ ಕಾಯಿ ಉಳಿದರೆ. ಒಂಟಿ ರಾಜ ಉಳಿದಾಗ ಹದಿನಾರು ನಡೆ, ಇಪ್ಪತ್ತು ನಡೆ ಎಂದು ಎಣಿಸುವ ಲೆಕ್ಕ ಮರೆತುಬಿಡಿ. ನಿಜವಾದ ಲೆಕ್ಕ 50: ಇಬ್ಬರೂ ತಲಾ 50 ನಡೆ ಆಡಿದ ಅವಧಿಯಲ್ಲಿ ಒಂದು ಕಾಲಾಳೂ ನಡೆಯದೆ, ಒಂದು ಕಾಯಿಯೂ ಹೊಡೆತಕ್ಕೆ ಬೀಳದೆ ಇದ್ದರೆ ಡ್ರಾ ಕೇಳಬಹುದು.

ಆ್ಯಪ್ ನೋಡಿ ಕಲಿಯಬಹುದಾ?

ಅಭ್ಯಾಸಕ್ಕೆ ಸರಿ, ಕಲಿಯುವುದಕ್ಕೆ ಬೇಡ. ಆ್ಯಪ್ ಅಕ್ರಮ ನಡೆಯನ್ನು ಬಿಡುವುದೇ ಇಲ್ಲ, ಹೋಗಬಹುದಾದ ಮನೆಗಳಿಗೆ ಚುಕ್ಕಿ ಇಟ್ಟು ತೋರಿಸುತ್ತದೆ. ಹಾಗಾಗಿ ಸಾವಿರ ಆಟ ಆಡಿದ ಹುಡುಗನಿಗೂ ತನ್ನ ರಾಜನ ಮೇಲೆ ಚೆಕ್ ಇದೆಯಾ ಎಂದು ತಾನೇ ನೋಡುವ ರೂಢಿ ಇರುವುದಿಲ್ಲ. ಮುಟ್ಟಿದ ಕಾಯಿ ನಡೆಸಲೇಬೇಕು ಎಂಬುದನ್ನೂ ಆ್ಯಪ್ ಕಲಿಸುವುದಿಲ್ಲ. ಮೊದಲ ಟೂರ್ನಿಯಲ್ಲಿ ಮಂತ್ರಿಯನ್ನು ಎತ್ತಿ, ಯೋಚಿಸಿ, ವಾಪಸ್ ಇಟ್ಟು ಒಂಟೆಗೆ ಕೈ ಹಾಕುತ್ತಾನೆ, ಎದುರಾಳಿ ಕೈ ಎತ್ತಿ ಆರ್ಬಿಟರ್‌ನ್ನು ಕರೆಯುತ್ತಾನೆ. ಕಾಯಿ ಸರಿಯಾಗಿ ನಿಂತಿಲ್ಲ, ಸುಮ್ನೆ ನೇರ ಮಾಡಬೇಕು ಎಂದಿದ್ದರೆ ಮುಟ್ಟುವ ಮೊದಲು, ತನ್ನ ನಡೆ ಇರುವಾಗ, "ಅಡ್ಜಸ್ಟ್" ಎಂದು ಹೇಳಬೇಕು. ಇದನ್ನು ಮನೆಯ ಆಟದಲ್ಲೂ ಮೊದಲ ದಿನದಿಂದ ಪಾಲಿಸಿ.

ನಾಲ್ಕೇ ನಡೆಯ ಮೇಟ್‌ನ ಉಪಾಯ ಹೇಳಿಕೊಡಲು ಅಣ್ಣಂದಿರು ಕಾದಿರುತ್ತಾರೆ. ಸದ್ಯಕ್ಕೆ ಬೇಡ. ಅದರ ರುಚಿ ಹತ್ತಿದ ಮಗು ಪ್ರತಿ ಆಟದಲ್ಲೂ ಮಂತ್ರಿಯನ್ನೇ ಮೊದಲು ಹೊರಗೆ ತರುತ್ತದೆ. ಬದಲಿಗೆ ದಿನಾ ಹತ್ತು ನಿಮಿಷ ರಾಜ ಮತ್ತು ಮಂತ್ರಿ ಇಟ್ಟುಕೊಂಡು ಒಂಟಿ ರಾಜನನ್ನು ಮೂಲೆಗೆ ತಳ್ಳಿ ಮೇಟ್ ಮಾಡಿಸಿ. ಸ್ಟೇಲ್‌ಮೇಟ್ ಆಗದೆ ಸಲೀಸಾಗಿ ಬಂದ ಮೇಲೆ ಮಂತ್ರಿಯ ಜಾಗದಲ್ಲಿ ಆನೆ ಕೊಡಿ. ಅದೂ ಬಂತು ಅಂದರೆ ಅಂಗಡಿಗೆ ಹೋಗಿ ಚೆಸ್ ಗಡಿಯಾರ ತನ್ನಿ.