ಕಾಂಗ್‌ನಿಂದ ಕೀಮ್‌ವರೆಗೆ: ಪಡುವಣ ಐರ್ಲೆಂಡಿನಲ್ಲಿ ನನ್ನ ಸೈಕಲ್ ಯಾನ

ಐರ್ಲೆಂಡಿನ ನಕ್ಷೆಯಲ್ಲಿ ಪ್ರತಿ ರಸ್ತೆಗೂ ಒಂದು ಅಕ್ಷರವಿದೆ. ‘ಎಂ’ ಎಂದರೆ ಮೋಟಾರುಮಾರ್ಗ, ಅಲ್ಲಿ ಸೈಕಲ್ಲಿಗೆ ಪ್ರವೇಶವೇ ಇಲ್ಲ. ‘ಎನ್’ ಎಂದರೆ ರಾಷ್ಟ್ರೀಯ ಹೆದ್ದಾರಿ. ‘ಆರ್’ ಎಂದರೆ ಪ್ರಾದೇಶಿಕ ರಸ್ತೆ. ‘ಎಲ್’ ಎಂದರೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಸ್ಥಳೀಯ ರಸ್ತೆ. ಕೆಲಸದ ನಿಮಿತ್ತ ಡಬ್ಲಿನ್‌ನಲ್ಲಿ ನೆಲೆಸಿರುವ ನಾನು ಮೊದಲ ಸಲ ಪಡುವಣ ಕರಾವಳಿಗೆ ಸೈಕಲ್ ಒಯ್ದಾಗ ಈ ಅಕ್ಷರಗಳಿಗೆ ಗಮನ ಕೊಟ್ಟಿರಲಿಲ್ಲ. ಗಾಲ್ವೇಯಿಂದ ಕ್ಲಿಫ್ಡೆನ್‌ಗೆ ಹೋಗುವ ಎನ್ 59 ಹೆದ್ದಾರಿಯೇ ನೇರ ದಾರಿ ಎಂದು ಅದನ್ನೇ ಹಿಡಿದೆ. ಎಡಗಡೆ ಒಂದು ಗೇಣಿನಷ್ಟೂ ಅಂಚಿಲ್ಲದ ಆ ರಸ್ತೆಯಲ್ಲಿ ಪ್ರವಾಸಿ ಬಸ್ಸುಗಳು ಮೊಣಕೈ ಸವರುವಂತೆ ಹಾದುಹೋಗುತ್ತಿದ್ದವು. ಪಕ್ಕದಲ್ಲಿ ಹೊಳೆಯುತ್ತಿದ್ದ ಸರೋವರಗಳನ್ನು ತಲೆಯೆತ್ತಿ ನೋಡುವ ಧೈರ್ಯವೂ ಬರಲಿಲ್ಲ. ಎರಡು ವರ್ಷದ ಬಳಿಕ ಜೂನ್ ತಿಂಗಳಲ್ಲಿ ಮತ್ತೆ ಹೊರಟಾಗ ಒಂದೇ ನಿಯಮ ಹಾಕಿಕೊಂಡೆ: ಸಾಧ್ಯವಿದ್ದಲ್ಲೆಲ್ಲ ‘ಎಲ್’, ಇಲ್ಲದಿದ್ದರೆ ‘ಆರ್’, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ‘ಎನ್’. 2025ರ ಫೆಬ್ರವರಿ 7ರಿಂದ ಗ್ರಾಮೀಣ ‘ಎಲ್’ ರಸ್ತೆಗಳ ವೇಗಮಿತಿಯನ್ನು ಗಂಟೆಗೆ 80 ಕಿ.ಮೀ.ಯಿಂದ 60ಕ್ಕೆ ಇಳಿಸಿದ್ದಾರೆ. ಸೈಕಲ್ ಸವಾರರ ಪಾಲಿಗೆ ಇದು ಸಣ್ಣ ಉಪಕಾರವಲ್ಲ.

ಎರಡನೆಯ ಪಾಠ ಗಾಳಿಯದು. ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿ ಇಲ್ಲಿ ಹೆಚ್ಚಿನ ದಿನಗಳಲ್ಲಿ ನೈಋತ್ಯದಿಂದಲೇ ಬರುತ್ತದೆ. ಆದ್ದರಿಂದ ಕರಾವಳಿಯಗುಂಟ ತೆಂಕಣದಿಂದ ಬಡಗಣಕ್ಕೆ ಹೋಗುವವರ ಬೆನ್ನಿಗೆ ಗಾಳಿ, ಬಡಗಣದಿಂದ ತೆಂಕಣಕ್ಕೆ ಬರುವವರ ಮುಖಕ್ಕೆ ಗಾಳಿ. ಡೊನೆಗಾಲ್‌ನಿಂದ ಕಾರ್ಕ್ ಸೀಮೆಯ ಕಿನ್ಸೇಲ್‌ವರೆಗೆ ಸುಮಾರು 2,500 ಕಿ.ಮೀ. ಉದ್ದಕ್ಕೆ ಚಾಚಿರುವ ‘ವೈಲ್ಡ್ ಅಟ್ಲಾಂಟಿಕ್ ವೇ’ ಎಂಬ ಪ್ರವಾಸಿ ಮಾರ್ಗವನ್ನು ಎರಡೂ ದಿಕ್ಕಿನಿಂದ ಕ್ರಮಿಸಬಹುದು, ಆದರೆ ಕಾರಿನವರಿಗೆ ಯಾವ ದಿಕ್ಕಾದರೂ ಒಂದೇ, ಸೈಕಲ್ಲಿನವರಿಗೆ ಹಾಗಲ್ಲ. ಸಾಮಾನು ತುಂಬಿದ ಸೈಕಲ್ಲಿಗೆ ಎದುರುಗಾಳಿ ಎಂದರೆ ಕೊನೆಯೇ ಇಲ್ಲದ ದಿಬ್ಬ. ಹಾಗಾಗಿ ಗಾಲ್ವೇಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸರೋವರಗಳ ನಾಡಿನ ಮೂಲಕ ಕಾಂಗ್, ಲೀನಾನ್, ಲೂಯಿಸ್‌ಬರ್ಗ್, ವೆಸ್ಟ್‌ಪೋರ್ಟ್ ದಾಟಿ ಅಕಿಲ್ ದ್ವೀಪ ಮುಟ್ಟುವುದು, ವೆಸ್ಟ್‌ಪೋರ್ಟ್‌ಗೆ ಮರಳಿ ಡಬ್ಲಿನ್ ರೈಲು ಹಿಡಿಯುವುದು ಎಂದು ಯೋಜಿಸಿದೆ. ರೈಲಿನಲ್ಲಿ ಸೈಕಲ್ಲಿಗೆ ಜಾಗ ಬಹಳ ಕಡಿಮೆ. ನಮ್ಮ ಆಸನದ ಜೊತೆಗೇ ಅದನ್ನೂ ಮುಂಗಡ ಕಾಯ್ದಿರಿಸಬೇಕು.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿನ ಸಣ್ಣ ರಸ್ತೆಗಳ ಮೇಲ್ಮೈ ಜಲ್ಲಿ ಒತ್ತಿದ ಒರಟು ಡಾಂಬರು. ಅದಕ್ಕೆ 38 ಮಿ.ಮೀ. ಅಗಲದ ಟೈರು, ಅತಿಯಾಗಿ ಬಿಗಿಯದ ಗಾಳಿ ನನಗೆ ಸರಿಹೊಂದಿತು. ಗೇರಿನಲ್ಲಿ ಮಾತ್ರ ಜಿಪುಣತನ ಬೇಡ: ಮುಂದೆ 30, ಹಿಂದೆ 34 ಹಲ್ಲುಗಳ ಜೋಡಿ ಇಲ್ಲದಿದ್ದರೆ ನಾನು ಅರ್ಧ ದಾರಿ ಸೈಕಲ್ ತಳ್ಳಬೇಕಾಗುತ್ತಿತ್ತು. ಇಲ್ಲಿನ ಬೆಟ್ಟಗಳು ಎತ್ತರವಲ್ಲ, ಆದರೆ ರಸ್ತೆಗಳು ಸುತ್ತಿ ಬಳಸಿ ಹತ್ತುವುದಿಲ್ಲ, ನೇರವಾಗಿ ಏರುತ್ತವೆ.

ಮೊದಲ ದಿನ ಲಾಖ್ ಕಾರಿಬ್ ಸರೋವರದ ಮೂಡಣ ದಂಡೆಯ ಹಳ್ಳಿ ರಸ್ತೆಗಳಲ್ಲಿ ಹೆಡ್‌ಫರ್ಡ್ ಮೂಲಕ ಕಾಂಗ್ ತಲುಪಿದೆ. ಐರಿಷ್ ಭಾಷೆಯಲ್ಲಿ ‘ಲಾಖ್’ ಎಂದರೆ ಸರೋವರ. ರಸ್ತೆಗೆ ‘ಬೋಹರ್’, ಸಣ್ಣ ದಾರಿಗೆ ‘ಬೊರೀನ್’ ಎನ್ನುತ್ತಾರೆ. ಎರಡರ ಮೂಲವೂ ಹಸು ಎಂಬರ್ಥದ ‘ಬೋ’. ಸಂಸ್ಕೃತದ ‘ಗೋ’ ಮತ್ತು ಐರಿಷಿನ ‘ಬೋ’ ಒಂದೇ ಬೇರಿನ ಶಬ್ದಗಳೆಂದು ತಿಳಿದ ಮೇಲೆ, ಎರಡು ಕಲ್ಲುಗೋಡೆಗಳ ನಡುವೆ ಹಸುಗಳಷ್ಟೇ ಹಾಯಬಹುದಾದ ಆ ದಾರಿಗಳು ನನಗೆ ಹೊರಗಿನವು ಎನಿಸಲಿಲ್ಲ. ಬೊರೀನ್‌ಗಳ ನಡುಮಧ್ಯೆ ಹುಲ್ಲು ಬೆಳೆದಿರುತ್ತದೆ. ಮಳೆ ಬಂದಾಗ ಅದರ ಮೇಲೆ ಚಕ್ರ ಹಾಕಬಾರದು.

ಕಾಂಗ್‌ನಲ್ಲಿ ಮಠದ ಅವಶೇಷವನ್ನೂ ಕೋಟೆಯನ್ನೂ ನೋಡುವವರು ಬಹಳ. ನಾನು ಹೋದದ್ದು ಒಣ ಕಾಲುವೆ ನೋಡಲು. ಲಾಖ್ ಮಾಸ್ಕ್ ಮತ್ತು ಲಾಖ್ ಕಾರಿಬ್ ಸರೋವರಗಳನ್ನು ಕೂಡಿಸಲು 1848ರ ಸುಮಾರಿಗೆ, ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದ ಕಾಲದಲ್ಲಿ, ಬರಗಾಲದ ಕಾಮಗಾರಿಯಾಗಿ ಅದನ್ನು ತೋಡಿಸಿದರು. ನೆಲ ಸುಣ್ಣಕಲ್ಲಿನದು, ಮೈಯೆಲ್ಲ ಬಿರುಕು. ಮಾಸ್ಕ್‌ನ ನೀರು ಮೊದಲಿನಿಂದಲೂ ಆ ಬಿರುಕುಗಳೊಳಗೆ ಇಳಿದು, ನೆಲದಡಿಯಲ್ಲೇ ಹರಿದು ಕಾಂಗ್‌ನಲ್ಲಿ ಮೇಲೇಳುತ್ತದೆ. ಕಾಲುವೆಗೆ ಬಿಟ್ಟ ನೀರೂ ಹಾಗೆಯೇ ಇಂಗಿಹೋಗುತ್ತಿತ್ತು. 1854ರಲ್ಲಿ ಕೆಲಸ ಕೈಬಿಟ್ಟರು. ಅಂಚು ಕೂಡಿಸಿ ಕಟ್ಟಿದ ಕಲ್ಲುಗೋಡೆಗಳು ಇಂದಿಗೂ ನೆಟ್ಟಗೆ ನಿಂತಿವೆ, ನಡುವೆ ಹುಲ್ಲು. ಒಂದು ಹೊತ್ತಿನ ಗಂಜಿಗಾಗಿ ಇಷ್ಟು ಅಚ್ಚುಕಟ್ಟಾಗಿ ಕಲ್ಲು ಕಡಿದು ಕೂಡಿಸಿದವರನ್ನು ನೆನೆದು ಬಹಳ ಹೊತ್ತು ಅಲ್ಲೇ ಕುಳಿತಿದ್ದೆ.

ಎರಡನೆಯ ದಿನ ಕ್ಲೋನ್‌ಬರ್, ಫಿನ್ನಿ ದಾಟಿ ಲಾಖ್ ನಫೂಯಿ ಸರೋವರದ ದಂಡೆ ಹಿಡಿದೆ. ಇಡೀ ಯಾನದಲ್ಲಿ ಒಂದೇ ರಸ್ತೆಯನ್ನು ಆರಿಸಿಕೊ ಎಂದರೆ ನಾನು ಆರಿಸುವುದು ಇದನ್ನೇ. ಸುತ್ತ ಬೋಳು ಬೆಟ್ಟ, ಕೆಳಗೆ ಉದ್ದಕ್ಕೆ ಮಲಗಿದ ನೀರು, ಬೆನ್ನಿಗೆ ನೀಲಿ ಕೆಂಪು ಬಣ್ಣದ ಗುರುತು ಬಳಿಸಿಕೊಂಡ ಕುರಿಗಳು. ಸರೋವರದ ಪಡುವಣ ತುದಿಯಲ್ಲಿ ರಸ್ತೆ ಏಕಾಏಕಿ ಗುಡ್ಡಕ್ಕೆ ನೆಗೆಯುತ್ತದೆ. ಆ ಏರಿನ ನಡುವೆ ಎದ್ದು ನಿಂತು ತುಳಿಯುತ್ತಿದ್ದಾಗ ಹಿಂದಿನ ಚಕ್ರದಲ್ಲಿ ‘ಟಣ್’ ಎಂದು ಸದ್ದಾಯಿತು, ಬ್ರೇಕಿನ ರಬ್ಬರು ಒಂದೊಂದು ಸುತ್ತಿಗೂ ರಿಮ್ಮಿಗೆ ಉಜ್ಜತೊಡಗಿತು.

ಚಕ್ರದ ಬಲಬದಿಯ ಕಡ್ಡಿಯೊಂದು (ಸ್ಪೋಕ್) ನಡುವಿನ ಹಬ್ಬಿನ ಬಳಿ, ತಾನು ಬಾಗಿರುವ ಕಡೆಯಲ್ಲೇ ಮುರಿದಿತ್ತು. ಆ ಬದಿಯಲ್ಲಿ ಗೇರಿನ ಚಕ್ರಗಳಿರುವುದರಿಂದ ಅವನ್ನು ಬಿಚ್ಚದೆ ಹೊಸ ಕಡ್ಡಿ ತೂರಿಸಲಾಗದು. ಬಿಚ್ಚುವ ಉಪಕರಣ ನನ್ನಲ್ಲಿರಲಿಲ್ಲ. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪು ಹಾಕಿದೆ. ಬಲಗಡೆಯ ಎಳೆತ ಹೋದುದರಿಂದ ರಿಮ್ಮು ಎಡಕ್ಕೆ ವಾಲಿತ್ತು. ಮುರಿದ ಕಡ್ಡಿಯ ಅತ್ತಿತ್ತಲಿನ ಎರಡು ಕಡ್ಡಿಗಳೂ ಎಡಬದಿಯವು. ಅವುಗಳ ತಿರುಪನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಎಂದು ಸಡಿಲಿಸುತ್ತಾ, ಪ್ರತಿ ಸಲವೂ ಚಕ್ರ ತಿರುಗಿಸಿ ರಬ್ಬರಿಗೂ ರಿಮ್ಮಿಗೂ ನಡುವಿನ ಬೆಳಕಿನ ಗೆರೆಯನ್ನು ನೋಡುತ್ತಾ ಹೋದೆ. ಮುಕ್ಕಾಲು ಸುತ್ತಿಗೆ ಉಜ್ಜುವುದು ನಿಂತಿತು. ಕಾರಣವೂ ಅಲ್ಲೇ ಹೊಳೆಯಿತು: ಡೇರೆ, ಒಲೆ, ಬಟ್ಟೆ ಎಲ್ಲವನ್ನೂ ಹಿಂದಿನ ಎರಡು ಚೀಲಗಳಿಗೆ ತುಂಬಿದ್ದೆ. ಭಾರದ ಒಲೆ, ಡೇರೆಯ ಕೋಲುಗಳನ್ನು ಮುಂದಿನ ಹಿಡಿಗೆ ಕಟ್ಟಿ, ಉಳಿದ ಏರನ್ನು ನಡೆದೇ ಹತ್ತಿದೆ. ಆ ಚಕ್ರ ವೆಸ್ಟ್‌ಪೋರ್ಟ್‌ವರೆಗೆ ನನ್ನನ್ನು ತಲುಪಿಸಿತು. ಈಗ ಮುಂದಿನ ಚಕ್ರದ ಮೇಲೂ ಭಾರ ಹಂಚದೆ ನಾನು ಹೊರಡುವುದಿಲ್ಲ.

ಮೂರನೆಯ ದಿನ ಲೀನಾನ್‌ನಿಂದ 16 ಕಿ.ಮೀ. ಉದ್ದದ ಕಿಲರಿ ಕಡಲಚಾಚಿನ ತಲೆಯನ್ನು ಸುತ್ತಿ, ಆಸ್ಲೀ ಜಲಪಾತದ ಪಕ್ಕ ಆರ್ 335 ಹಿಡಿದು ಡೂಲಾಖ್ ಕಣಿವೆ ಹೊಕ್ಕೆ. ಎಡಕ್ಕೆ ಕಾನಕ್ಟ್ ಪ್ರಾಂತದ ಅತಿ ಎತ್ತರದ ಬೆಟ್ಟವಾದ 814 ಮೀಟರಿನ ಮ್ವೀಲ್‌ರೇ, ಬಲಕ್ಕೆ ಶೀಫ್ರಿ ಬೆಟ್ಟಗಳು, ನಡುವೆ ಹೆಸರಿಗೆ ತಕ್ಕಂತೆ ಕಪ್ಪು ನೀರಿನ ಸರೋವರ. ಮನೆಯಿಲ್ಲ, ಮರವೂ ಅಪರೂಪ. ಅದೇ ಬರಗಾಲದಲ್ಲಿ, 1849ರ ಮಾರ್ಚ್ 30ರಂದು, ಲೂಯಿಸ್‌ಬರ್ಗ್‌ನಲ್ಲಿ ಪರಿಹಾರಕ್ಕಾಗಿ ಹಸಿದ ಜನ ನೂರಾರು ಸಂಖ್ಯೆಯಲ್ಲಿ ನೆರೆದಿದ್ದರು. ಅರ್ಹತೆ ಪರಿಶೀಲಿಸಬೇಕಿದ್ದ ಇಬ್ಬರು ಅಧಿಕಾರಿಗಳು ಅಲ್ಲಿ ಆ ಕೆಲಸ ಮಾಡದೆ ಸುಮಾರು 19 ಕಿ.ಮೀ. ದೂರದ ಡೆಲ್ಫಿಯ ಬೇಟೆಮನೆಗೆ ಹೋಗಿ ಉಳಿದರು. ಮರುದಿನ ಬೆಳಿಗ್ಗೆ ಏಳಕ್ಕೆ ಅಲ್ಲಿಗೇ ಬಾರದಿದ್ದವರ ಹೆಸರು ಪಟ್ಟಿಯಿಂದ ಬಿಡಲಾಗುವುದು ಎಂದು ಜನರಿಗೆ ತಿಳಿಸಲಾಯಿತು. ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲದವರು ರಾತ್ರಿಯಿಡೀ ಚಳಿಯಲ್ಲಿ ಈ ಕಣಿವೆಯ ದಾರಿಯಲ್ಲೇ ನಡೆದರು. ಹೆಂಗಸರು ಮಕ್ಕಳು ಸೇರಿ ಏಳು ಮಂದಿಯ ಶವ ದಾರಿಬದಿಯಲ್ಲಿ ಸಿಕ್ಕವೆಂದೂ ಇನ್ನೂ ಒಂಬತ್ತು ಮಂದಿ ಮನೆ ಸೇರಲೇ ಇಲ್ಲವೆಂದೂ ಆಗ ಪತ್ರಿಕೆಯಲ್ಲಿ ಅಚ್ಚಾದ ಪತ್ರವೊಂದು ಹೇಳಿತು. ಊರವರ ನೆನಪಿನಲ್ಲಿ ಸತ್ತವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು.

ರಸ್ತೆಬದಿಯ ಸ್ಮಾರಕದಲ್ಲಿ ಗಾಂಧೀಜಿಯ ಮಾತೊಂದನ್ನು ಕೆತ್ತಿದ್ದಾರೆ: ತನ್ನಂಥ ಮನುಷ್ಯರನ್ನು ಅವಮಾನಿಸಿ ತಾನು ಗೌರವ ಪಡೆದೆನೆಂದು ಮನುಷ್ಯ ಹೇಗೆ ತಿಳಿಯಬಲ್ಲ ಎಂಬ ಪ್ರಶ್ನೆ ಅದು. ನಮ್ಮ ನೆಲದ ಬರಗಾಲಗಳ ಕತೆ ಕೇಳಿ ಬೆಳೆದ ನನಗೆ ಆ ಹೆಸರನ್ನು ಆ ಬೋಳು ಕಣಿವೆಯಲ್ಲಿ ಓದಿದಾಗ ಕಣ್ಣು ತುಂಬಿತು. ನಾನು ಸಾಗುತ್ತಿದ್ದುದು ಆ ಹಸಿದ ಜನ ಬರಿಗೈಯಲ್ಲಿ ಮರಳಿದ ದಿಕ್ಕಿನಲ್ಲೇ. ಈ ಕಣಿವೆಯನ್ನು ವೇಗವಾಗಿ ದಾಟುವ ಯೋಜನೆ ಯಾರೂ ಹಾಕಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿಯೇ ಆ ದಿನ ನನ್ನ ಗುರಿ ಕೇವಲ 33 ಕಿ.ಮೀ. ಇತ್ತು.

ಲೂಯಿಸ್‌ಬರ್ಗ್‌ನಿಂದ ವೆಸ್ಟ್‌ಪೋರ್ಟ್‌ಗೆ ಕ್ಲೂ ಕೊಲ್ಲಿಯಗುಂಟ ಸುಲಭದ ದಾರಿ, ಬಲಗಡೆ 764 ಮೀಟರಿನ ಕ್ರೋ ಪ್ಯಾಟ್ರಿಕ್ ಎಂಬ ಯಾತ್ರಾಗಿರಿ. ವೆಸ್ಟ್‌ಪೋರ್ಟ್‌ನಲ್ಲಿ ಹೊಸ ಕಡ್ಡಿ ಹಾಕಿಸಿ ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಹಿಡಿದೆ. ವೆಸ್ಟ್‌ಪೋರ್ಟ್‌ನಿಂದ ಅಕಿಲ್‌ವರೆಗೆ 42 ಕಿ.ಮೀ., ಮೋಟಾರು ವಾಹನಗಳಿಲ್ಲದ ದಾರಿ. 1937ರಲ್ಲಿ ಮುಚ್ಚಿದ ರೈಲುಮಾರ್ಗದ ಮೇಲೆ ಬಹುಪಾಲು ಸಾಗುವ ಇದು 2010ರಿಂದ ಹಂತಹಂತವಾಗಿ ತೆರೆದುಕೊಂಡಿತು. ಎಷ್ಟೋ ಕಡೆ ರೈತರು ತಮ್ಮ ಹೊಲದ ನಡುವೆ ಹಾದುಹೋಗಲು ಒಪ್ಪಿದ್ದರಿಂದಲೇ ಇದು ಸಾಧ್ಯವಾಯಿತು. ಹಾಗಾಗಿ ದಾರಿಯಲ್ಲಿ ಎದುರಾಗುವ ಪ್ರತಿ ಗೇಟನ್ನೂ ಇಳಿದು, ತೆರೆದು, ಮರಳಿ ಮುಚ್ಚಿಯೇ ಮುಂದೆ ಹೋಗಬೇಕು. ರೈಲು ಕಡಿದಾದ ಏರು ಹತ್ತಲಾರದು, ಆದ್ದರಿಂದ ಇಲ್ಲಿ ಮಕ್ಕಳೂ ಸೈಕಲ್ ತುಳಿಯಬಲ್ಲರು. ನ್ಯೂಪೋರ್ಟ್‌ನ ಏಳು ಕಮಾನಿನ ಕೆಂಪುಕಲ್ಲಿನ ಸೇತುವೆ ಆ ರೈಲಿನ ಕಾಲದ್ದೇ.

ಆ ರೈಲಿಗೂ ಒಂದು ದುಃಖದ ಕತೆಯಿದೆ. ಕಬ್ಬಿಣದ ಚಕ್ರದ ಗಾಡಿಗಳು ಬರುತ್ತವೆ, ಮೊದಲ ಗಾಡಿಯೂ ಕೊನೆಯ ಗಾಡಿಯೂ ಹೆಣಗಳನ್ನು ಹೊತ್ತು ತರುತ್ತವೆ ಎಂದು ಹಿಂದೊಬ್ಬ ಕಾಲಜ್ಞಾನಿ ನುಡಿದಿದ್ದನೆಂದು ಈ ಸೀಮೆಯವರು ಹೇಳುತ್ತಾರೆ. 1894ರ ಜೂನ್‌ನಲ್ಲಿ ಸ್ಕಾಟ್ಲೆಂಡಿಗೆ ಕೂಲಿಗೆ ಹೊರಟಿದ್ದ ಅಕಿಲ್‌ನ 32 ಎಳೆಯರು ಕ್ಲೂ ಕೊಲ್ಲಿಯಲ್ಲಿ ದೋಣಿ ಮಗುಚಿ ಮುಳುಗಿದಾಗ ಅವರ ಶವಗಳನ್ನು ಊರಿನತ್ತ ತಂದದ್ದು ಆಗಿನ್ನೂ ಹೊಸದಾಗಿದ್ದ ಈ ಮಾರ್ಗದ ರೈಲು. 1937ರಲ್ಲಿ ಸ್ಕಾಟ್ಲೆಂಡಿನ ಕರ್ಕಿಂಟಿಲಾಖ್‌ನಲ್ಲಿ ಬೆಂಕಿಗೆ ಬಲಿಯಾದ ಅಕಿಲ್‌ನ ಹತ್ತು ಹುಡುಗರನ್ನು ತಂದದ್ದು ಅದರ ಕೊನೆಯ ದಿನಗಳಲ್ಲಿ. ಮಲ್‌ರಾನಿಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇದನ್ನು ಹೇಳಿ, ನನ್ನ ಸೈಕಲ್ಲಿನ ಕಡೆ ತಿರುಗಿ, ಈಗ ಈ ದಾರಿಯಲ್ಲಿ ನಗುವ ಜನ ಬರುತ್ತಾರೆ, ನೋಡಲು ಸಂತೋಷ ಎಂದರು.

ಮಲ್‌ರಾನಿಯಿಂದ ದಾರಿ ಪಡುವಣಕ್ಕೆ ತಿರುಗುತ್ತದೆ, ಅಲ್ಲಿಯವರೆಗೆ ಗೆಳೆಯನಾಗಿದ್ದ ಗಾಳಿ ಎದುರಾಗುತ್ತದೆ. ಅಕಿಲ್ ದ್ವೀಪದಲ್ಲಿ ಸೋನೆ ಮಳೆಯೂ ಜೊತೆಗೂಡಿತು. ಕೀಲ್‌ನಲ್ಲಿ ಡೇರೆ ಹೂಡಿ, ಸಾಮಾನೆಲ್ಲ ಅದರಲ್ಲಿ ಬಿಟ್ಟು, ಹಗುರವಾದ ಸೈಕಲ್ಲಿನಲ್ಲಿ ಡೂಆದ ಆಚೆಯ ಕಡಿದಾದ ಏರು ಹತ್ತಿದೆ. ರಾತ್ರಿ ಹತ್ತರವರೆಗೂ ಬೆಳಕಿರುವ ಜೂನ್ ತಿಂಗಳಾದ್ದರಿಂದ ಅವಸರವಿರಲಿಲ್ಲ. ತಿರುವು ಮುಗಿದಲ್ಲಿ ಕೀಮ್ ಕೊಲ್ಲಿ ಕಾಣಿಸಿತು: ಎರಡು ಹಸಿರು ಬೆಟ್ಟಗಳ ತೆಕ್ಕೆಯಲ್ಲಿ ಒಂದು ತುಣುಕು ಮರಳು, ಆಚೆ ಬರೀ ಅಟ್ಲಾಂಟಿಕ್. ರಸ್ತೆ ಅಲ್ಲಿಗೆ ಮುಗಿಯುತ್ತದೆ.

ಮರುದಿನ ಮರಳುವಾಗ ಗಾಳಿ ಮತ್ತೆ ಬೆನ್ನಿಗೆ ಬಂತು. ಕೀಲ್‌ನಿಂದ ದ್ವೀಪದ ಸೇತುವೆಯವರೆಗಿನ ಸುಮಾರು 15 ಕಿ.ಮೀ.ಗೆ ಹೋಗುವಾಗ ಒಂದೂಕಾಲು ಗಂಟೆ ಹಿಡಿದಿತ್ತು, ಬರುವಾಗ ಮೂವತ್ತೈದು ನಿಮಿಷ.