ಎರಡು ಮುಚ್ಚಿಗೆ, ಮೂರು ಮೈಕ್

ತೀರ್ಥಹಳ್ಳಿ ಹತ್ತಿರದ ನಮ್ಮ ಹೆಂಚಿನ ಮನೆಯಲ್ಲಿ ಮಳೆಗಾಲದಲ್ಲಿ ಮೃದಂಗ ರೆಕಾರ್ಡಿಂಗ್ ಆಗದ ಮಾತು. ಮಳೆ ನಿಂತರೆ ಜೀರುಂಡೆ ಶುರು. ಥಂಡಿಗೆ ಮೃದಂಗದ ಚರ್ಮ ಸಡಿಲಾಗಿ ಶ್ರುತಿಯೂ ಇಳಿಯುತ್ತದೆ. ಹಾಗಾಗಿ ಅಡಿಕೆ ಕೊಯ್ಲು ಮುಗಿಯುವವರೆಗೆ ಕಾದು, ಫೆಬ್ರವರಿಯ ಒಂದು ರಾತ್ರಿ ಕೂತೆ.

ಜಾಗ ಪಡಸಾಲೆ ಪಕ್ಕದ ಕೋಣೆ, ಮೇಲೆ ಮರದ ಹಲಗೆಯ ಚಾವಣಿ. ಗಾರೆ ನೆಲಕ್ಕೆ ಕಂಬಳಿ ಹಾಸಿದೆ, ಹಿಂದಿನ ಗೋಡೆಗೆ ಹಾಸಿಗೆ ಒರಗಿಸಿದೆ. ಫ್ಯಾನು, ಫ್ರಿಜ್ಜು ಬಂದ್.

ಮೃದಂಗದ ಬಲಕ್ಕೆ ಮತ್ತು ಎದುರಿಗೆ ನವಿರು ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್, ಎಡಕ್ಕೆ ಜೋರು ಸದ್ದು ತಾಳುವ ಡೈನಾಮಿಕ್ ಮೈಕ್. ಎಡದ ಮೈಕನ್ನು ಮೊದಲು ಮುಚ್ಚಿಗೆಯಿಂದ, ಅಂದರೆ ಮೃದಂಗದ ಬಾಯಿಗೆ ಬಿಗಿದ ಚರ್ಮದಿಂದ, ಐದೇ ಸೆಂಟಿಮೀಟರ್ ದೂರ ಇಟ್ಟಿದ್ದೆ. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಇಂಥ ಮೈಕ್ ತೀರಾ ಹತ್ತಿರ ಬಂದರೆ ತಗ್ಗು ಸ್ವರ ಊದಿಕೊಳ್ಳುತ್ತದೆ. ಎಡಗೈ ಒತ್ತಿ ಜಾರಿಸಿ ಗುಮ್ಕಿ ಎಳೆದರೆ ಬರೀ ಗುಂಯ್ ಅನ್ನುತ್ತಿತ್ತು. 25 ಸೆಂಟಿಮೀಟರ್‌ಗೆ ಸರಿಸಿದೆ, ತಿಳಿಯಾಯಿತು.

ನಿಜವಾದ ತೊಂದರೆ ಆಮೇಲೆ ಬಂತು. ಒಂದೊಂದೇ ಟ್ರ್ಯಾಕ್ ಕೇಳಿದರೆ ಚೆನ್ನಾಗಿತ್ತು. ಮೂರನ್ನೂ ಸೇರಿಸಿ ಸ್ಪೀಕರ್‌ನಲ್ಲಿ ಹಾಕಿದೆ. ಅಡುಗೆಮನೆಯಲ್ಲಿದ್ದ ಅಮ್ಮ, "ಎಡಗೈ ನುಡಿಸ್ಲೇ ಇಲ್ವೇನೋ?" ಅಂದಳು. ಹೌದು, ಎಡಗೈಯ ತೋಂ ಎಂಬ ತಗ್ಗು ನಾದ ಸತ್ತೇ ಹೋಗಿತ್ತು.

ಕಾರಣ ಮೃದಂಗದ ಒಳಗೇ ಇದೆ. ಎಡಕ್ಕೆ ಹೊಡೆದಾಗ ಆ ಮುಚ್ಚಿಗೆ ಒಳಕ್ಕೆ ಹೋಗುತ್ತದೆ, ಕಳಸಿಗೆಯ, ಅಂದರೆ ಮರದ ಒಡಲಿನ, ಗಾಳಿ ಬಲದ್ದನ್ನು ಹೊರಕ್ಕೆ ನೂಕುತ್ತದೆ. ಒಂದು ಮೈಕಿಗೆ ಎಳೆತ, ಇನ್ನೊಂದಕ್ಕೆ ತಳ್ಳು. ಕೂಡಿಸಿದರೆ ಒಂದನ್ನೊಂದು ತಿಂದುಬಿಡುತ್ತವೆ. ಎಡದ ಟ್ರ್ಯಾಕಿನಲ್ಲಿ, ಎಳೆತವನ್ನು ತಳ್ಳಾಗಿ ತಿರುಗಿಸುವ ಪೋಲಾರಿಟಿ ಬಟನ್ ಒತ್ತಿದೆ. ತೋಂ ತುಂಬಿಕೊಂಡು ಬಂತು! ಆ ಕ್ಷಣದ ಖುಷಿ ಈಗಲೂ ನೆನಪಿದೆ.

ಎದುರಿನ ಮೈಕ್ ಮಾತ್ರ ಬಟನ್ನಿಗೆ ಬಗ್ಗಲಿಲ್ಲ. ಸದ್ದು 34 ಸೆಂಟಿಮೀಟರ್ ದಾಟಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಆ ಮೈಕ್ 90 ಸೆಂಟಿಮೀಟರ್ ದೂರದಲ್ಲಿತ್ತು, ಹತ್ತಿರದವುಗಳಿಗಿಂತ ಎರಡು ಮಿಲಿಸೆಕೆಂಡ್ ತಡ. ಕಂಪ್ಯೂಟರಿನಲ್ಲಿ ಟ್ರ್ಯಾಕ್ ಹಿಂದೆ ಮುಂದೆ ಎಳೆದು ಹೊಂದಿಸಬಹುದು. ಆದರೆ ಎಡ ಸರಿಹೋದರೆ ಬಲಗೈಯ ಚಾಪು ಎಂಬ ಹೊಡೆತ ಕೆಡುತ್ತಿತ್ತು. ಕೊನೆಗೆ ಎದ್ದು ಸ್ಟ್ಯಾಂಡನ್ನೇ ನಾಲ್ಕು ನಾಲ್ಕು ಬೆರಳು ಸರಿಸುತ್ತಾ, ಪ್ರತಿ ಸಲವೂ ನಾಲ್ಕಾವರ್ತ ನುಡಿಸಿ, ಮೋನೋದಲ್ಲಿ, ಅಂದರೆ ಎಲ್ಲವನ್ನೂ ಒಂದೇ ಸದ್ದಾಗಿ ಕೂಡಿಸಿ, ಕೇಳಿದೆ. ಸ್ಟೀರಿಯೋದಲ್ಲಿ ಇಂಥ ತಪ್ಪು ಅಡಗಿಕೊಳ್ಳುತ್ತದೆ. ಕಿವಿ ಒಪ್ಪಿದ ಜಾಗ ಸಿಗಲು ಒಂದು ಗಂಟೆ ಹಿಡಿಯಿತು, ಸುಮ್ನೆ ಹೋದ ಗಂಟೆಯಲ್ಲ ಅದು.

ಅಷ್ಟರಲ್ಲಿ ಸ್ವರ ತಗ್ಗಲೆಂದು ಎಡದ ಮುಚ್ಚಿಗೆಗೆ ಹಚ್ಚಿದ್ದ ರವೆಯ ಮುದ್ದೆ ಒಣಗಿ ಸದ್ದು ಬಿರುಸಾಗಿತ್ತು. ಕೆರೆದು ತೆಗೆದು ಹೊಸದಾಗಿ ಕಲಸಿ ಹಚ್ಚಿದೆ. ಈಗ ಅರ್ಧ ಗಂಟೆಗೊಮ್ಮೆ ಬೆರಳಲ್ಲಿ ಮುಟ್ಟಿ ನೋಡುತ್ತೇನೆ, ಒಣಗುತ್ತಿದ್ದರೆ ನೀರಿನ ಕೈ ಸವರುತ್ತೇನೆ. ಇಲ್ಲದಿದ್ದರೆ ಮೊದಲ ಟೇಕಿಗೂ ಕೊನೆಯದಕ್ಕೂ ಹೊಂದುವುದಿಲ್ಲ.

ಮಿಕ್ಸಿನಲ್ಲಿ ಎದುರಿನ ಮೈಕೇ ಜಾಸ್ತಿ, ಪಕ್ಕದವು ಆಸರೆಗಷ್ಟೇ. ಸ್ಟ್ಯಾಂಡುಗಳ ಜಾಗಕ್ಕೆ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಅಮ್ಮ ನೆಲ ಒರೆಸುವಾಗ ಆ ಮೂರು ಸುತ್ತನ್ನು ಬಿಟ್ಟು ಒರೆಸುತ್ತಾಳೆ.