ಚೆಂಡು ಸಿಕ್ಕಿತೇ? ಓಡಬೇಡಿ! ಶಾಲೆಯ ಅಂಗಳದಲ್ಲಿ ನೆಟ್‌ಬಾಲ್ ಕಲಿಸುವುದು ಹೀಗೆ

ಹಾಕಿ ಆಡಿಯೇ ಬೆಳೆದ ಕೊಡಗಿನ ಮಕ್ಕಳಿಗೆ ನೆಟ್‌ಬಾಲ್‌ನಲ್ಲಿ ಗೋಲು ಹಾಕುವುದಕ್ಕಿಂತ ಕಷ್ಟವಾಗುವುದು ಚೆಂಡು ಸಿಕ್ಕ ಮೇಲೆ ನಿಲ್ಲುವುದು. ಚೆಂಡು ಹಿಡಿದು ಓಡುವಂತಿಲ್ಲ, ನೆಲಕ್ಕೆ ಬಡಿಯುತ್ತಾ ಮುಂದೆ ಸಾಗುವಂತೆಯೂ ಇಲ್ಲ. ಆದ್ದರಿಂದ ಕೈಗಿಂತ ಮೊದಲು ಕಾಲಿಗೆ ಪಾಠವಾಗಬೇಕು.

ಅಂಕಣದ ಅಳತೆ 30.5 ಮೀಟರ್ ಉದ್ದ, 15.25 ಮೀಟರ್ ಅಗಲ. ಉದ್ದವನ್ನು ಮೂರು ಸಮಭಾಗ ಮಾಡಿ ಅಡ್ಡಗೆರೆ ಎಳೆಯಿರಿ. ಎರಡೂ ತುದಿಗೆ 4.9 ಮೀಟರ್ ತ್ರಿಜ್ಯದ ಅರ್ಧವೃತ್ತ ಬರಬೇಕು. ಗೋಲು ಹಾಕುವ ರಿಂಗ್ 3.05 ಮೀಟರ್ ಎತ್ತರದಲ್ಲಿರಲಿ. ಬಾಸ್ಕೆಟ್‌ಬಾಲ್‌ಗೂ ಇದೇ ಎತ್ತರ. ಆದರೆ ಇಲ್ಲಿ ಹಿಂದೆ ಬೋರ್ಡ್ ಇಲ್ಲ, ರಿಂಗಿನ ವ್ಯಾಸವೂ 38 ಸೆಂ.ಮೀ. ಮಾತ್ರ. ಜೂನ್ ಮಳೆ ಹಿಡಿದ ಮೇಲೆ ಮಣ್ಣಿನ ಅಂಗಳದಲ್ಲಿ ಸುಣ್ಣದ ಗೆರೆ ನಿಲ್ಲದು. ಹಾಗೆಂದು ಪಾಚಿ ಕಟ್ಟಿದ ಸಿಮೆಂಟ್ ಅಂಗಳಕ್ಕೆ ಇಳಿಸಬೇಡಿ. ಓಡಿ ಬಂದು ಗಕ್ಕನೆ ನಿಲ್ಲುವ ಆಟವಿದು, ಮೊಣಕಾಲು ಹೋದೀತು.

ತಂಡಕ್ಕೆ ಏಳು ಮಂದಿ. ಗೋಲ್ ಶೂಟರ್, ಗೋಲ್ ಅಟ್ಯಾಕ್, ವಿಂಗ್ ಅಟ್ಯಾಕ್, ಸೆಂಟರ್, ವಿಂಗ್ ಡಿಫೆನ್ಸ್, ಗೋಲ್ ಡಿಫೆನ್ಸ್, ಗೋಲ್ ಕೀಪರ್. ಯಾರು ಎಲ್ಲಿಯವರೆಗೆ ಹೋಗಬಹುದೆಂಬುದು ನಿಗದಿ. ಗಡಿ ದಾಟಿದರೆ ಆಫ್‌ಸೈಡ್. ಸೆಂಟರ್ ಮೂರೂ ಭಾಗ ಸುತ್ತಬಹುದು, ಅರ್ಧವೃತ್ತಗಳೊಳಗೆ ಮಾತ್ರ ಕಾಲಿಡುವಂತಿಲ್ಲ. ಗೋಲು ಹಾಕುವ ಹಕ್ಕು ಮೊದಲಿನ ಇಬ್ಬರದು, ಅದೂ ಅರ್ಧವೃತ್ತದೊಳಗೆ ನಿಂತು.

ಈಗ ಕಾಲಿನ ಪಾಠ. ಇಬ್ಬಿಬ್ಬರನ್ನು ಐದಾರು ಮೀಟರ್ ದೂರ ನಿಲ್ಲಿಸಿ. ಒಬ್ಬಳು ಓಡಿ ಬಂದು ಚೆಂಡು ಹಿಡಿದು ಒಂದು ಕಾಲೂರಲಿ. ಎರಡನೆಯ ಕಾಲನ್ನು ಎತ್ತಲಾದರೂ ಇಡಬಹುದು, ತಿರುಗಲೂಬಹುದು. ಆದರೆ ಮೊದಲು ಊರಿದ ಕಾಲನ್ನು ಎತ್ತಿದರೆ ಅದು ಮತ್ತೆ ನೆಲ ಮುಟ್ಟುವುದರೊಳಗೆ ಚೆಂಡು ಕೈಬಿಟ್ಟಿರಬೇಕು. ಹೆಚ್ಚಿನ ಮಕ್ಕಳು ಎಡವುವುದು ಇಲ್ಲೇ: ವೇಗ ತಗ್ಗಿಸದೆ ಹಿಡಿಯುತ್ತಾರೆ, ಮೈ ಮುಂದಕ್ಕೆ ವಾಲಿ ಮೂರನೆಯ ಹೆಜ್ಜೆ ತಾನಾಗಿ ಬೀಳುತ್ತದೆ. ಮಂಡಿ ಬಗ್ಗಿಸಿ ಇಳಿಯುವುದನ್ನು ಕಲಿಸಿದರೆ ಅರ್ಧ ತೊಂದರೆ ನೀಗಿತು. ಎರಡು ಕಾಲಿನಲ್ಲಿ ಒಟ್ಟಿಗೆ ಇಳಿದರೆ ಯಾವುದನ್ನು ಊರಿದ ಕಾಲೆನ್ನಬೇಕೆಂಬ ಆಯ್ಕೆ ಆಟಗಾರ್ತಿಯದೇ.

ನಂತರ ಸಮಯ ಸೇರಿಸಿ. ಚೆಂಡು ಕೈಯಲ್ಲಿರಬಹುದಾದದ್ದು ಮೂರು ಸೆಕೆಂಡ್. ನಡುವಿನ ಭಾಗದಲ್ಲಿ ಯಾರೂ ಮುಟ್ಟದೆ ಚೆಂಡು ಅದನ್ನು ಪೂರ್ತಿ ದಾಟಿ ಹಾರಬಾರದು. ದೂರದ ಎಸೆತ ಬಲ್ಲ ಹುಡುಗಿಯರಿಗೆ ಇದನ್ನು ದಿನಾ ನೆನಪಿಸಬೇಕಾಗುತ್ತದೆ.

ತಡೆಯುವವರು 0.9 ಮೀಟರ್ ದೂರ ಬಿಟ್ಟೇ ಕೈ ಎತ್ತಬೇಕು. ಮೈಗೆ ಮೈ ತಾಗಿಸಿ ಆಟ ಕೆಡಿಸಿದರೆ ಪೆನಾಲ್ಟಿ ಪಾಸ್, ಅಂದರೆ ಚೆಂಡು ಎಸೆಯುವ ಅವಕಾಶ ಎದುರಾಳಿ ತಂಡಕ್ಕೆ. ತಪ್ಪು ಮಾಡಿದವಳು ಚೆಂಡು ಎಸೆಯುವವಳ ಪಕ್ಕದಲ್ಲೇ, ಚೆಂಡು ಕೈಬಿಡುವವರೆಗೆ ಅಲುಗಾಡದೆ ನಿಲ್ಲಬೇಕು. ಅಷ್ಟು ಹೊತ್ತು ಎದುರಾಳಿಗಳಿಗೆ ಒಬ್ಬರು ಹೆಚ್ಚಿದ್ದಂತೆಯೇ ಲೆಕ್ಕ.